ಹಿತ್ತಲಿನ ಕೋಳಿ ರಾತ್ರಿ ಯಾರ ಪಾಲಾಗುತ್ತದೆ? ಗೂಡನ್ನು ಭದ್ರ ಮಾಡುವುದು ಹೇಗೆ?

ಉಡುಪಿ ತಾಲೂಕಿನ ಪರ್ಕಳ ಪೂರ್ತಿ ಪೇಟೆಯೂ ಅಲ್ಲ, ಪೂರ್ತಿ ಹಳ್ಳಿಯೂ ಅಲ್ಲ. ಮಣಿಪಾಲದಿಂದ ಹೆಬ್ರಿ, ಆಗುಂಬೆ ಕಡೆಗೆ ಹೋಗುವ 169ಎ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ಅಂಗಡಿಗಳ ಸಾಲಿದೆ. ಅಲ್ಲಿಂದ ಸ್ವಲ್ಪ ಒಳಗೆ ಹೋದರೆ ತೆಂಗು, ಅಡಿಕೆ ತೋಟ, ಗದ್ದೆ, ಹಾಡಿ, ನಾಗಬನ ಸಿಗುತ್ತವೆ. ಇಂಥ ಜಾಗ ಮನುಷ್ಯರಿಗೆ ಎಷ್ಟು ಹಿತವೋ ಕಬ್ಬೆಕ್ಕು, ಕಾಡುಬೆಕ್ಕು, ನರಿ, ಹೆಬ್ಬಾವುಗಳಿಗೂ ಅಷ್ಟೇ ಹಿತ. ಹಾಡಿಯಲ್ಲಿ ಅಡಗಲು ಜಾಗವಿದೆ, ತೋಟದಲ್ಲಿ ಇಲಿ, ಹೆಗ್ಗಣಗಳಿವೆ, ಮನೆಯ ಹಿತ್ತಲಿನಲ್ಲಿ ಕೋಳಿಗಳಿವೆ.

ಹಿತ್ತಲಿನಲ್ಲಿ ಕೋಳಿ ಸಾಕುವುದು ಹಳೆಯ ಕಾಲಕ್ಕೆ ಮುಗಿದುಹೋದ ಸಂಗತಿಯಲ್ಲ. 2019ರ 20ನೇ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 85 ಕೋಟಿ ಸಾಕುಹಕ್ಕಿಗಳಿದ್ದವು. ಅವುಗಳಲ್ಲಿ ಸುಮಾರು 31.7 ಕೋಟಿ ಹಿತ್ತಲಿನಲ್ಲಿ ಬೆಳೆಯುವಂಥವು. 2012ರ ಗಣತಿಗೆ ಹೋಲಿಸಿದರೆ ಹಿತ್ತಲ ಕೋಳಿಗಳ ಸಂಖ್ಯೆ ಶೇಕಡಾ 46ರಷ್ಟು ಏರಿದೆ. ಹತ್ತು ಕೋಳಿ ಸಾಕುವ ಮನೆಗೆ ಒಂದೇ ರಾತ್ರಿಯಲ್ಲಿ ಆರು ಹೋದರೆ ಮೊಟ್ಟೆಯೂ ಹೋಯಿತು, ಮುಂದಿನ ಮರಿಗಳೂ ಹೋದವು. ಆ ಸಿಟ್ಟಿನಲ್ಲಿ ಜನ ವಿಷ ಇಡುತ್ತಾರೆ, ಉರುಳು ಹಾಕುತ್ತಾರೆ, ಗೂಡಿನ ಸುತ್ತ ಫಿನಾಯಿಲ್ ಸುರಿಯುತ್ತಾರೆ. ಇವುಗಳಲ್ಲಿ ಹೆಚ್ಚಿನವು ಕೆಲಸ ಮಾಡುವುದಿಲ್ಲ, ಕೆಲವು ಮನೆಯವರಿಗೇ ಅಪಾಯ ತರುತ್ತವೆ. ಹಾಗಾದರೆ ಯಾವುದು ಕೆಲಸ ಮಾಡುತ್ತದೆ? ಒಂದೊಂದಾಗಿ ನೋಡೋಣ.

ಕತ್ತಲಾದ ಮೇಲೆ ಕೋಳಿ ಯಾಕೆ ಓಡುವುದಿಲ್ಲ?

ಕೋಳಿಯ ಕಣ್ಣು ಹಗಲಿಗಾಗಿ ರೂಪುಗೊಂಡದ್ದು. ಬಣ್ಣ ಗುರುತಿಸುವ ಶಂಕುಕೋಶಗಳು ನಮ್ಮ ಕಣ್ಣಿನಲ್ಲಿ ಮೂರು ಬಗೆ, ಕೋಳಿಯ ಕಣ್ಣಿನಲ್ಲಿ ನಾಲ್ಕು ಬಗೆ. ಹಗಲಿನಲ್ಲಿ ಅದು ನಮಗಿಂತ ಹೆಚ್ಚು ಬಣ್ಣಗಳನ್ನು ಕಾಣುತ್ತದೆ. ಮಂದ ಬೆಳಕಿಗೆ ಬೇಕಾದ ಸರಳುಕೋಶಗಳು ಅದಕ್ಕಿದ್ದರೂ ಕತ್ತಲಲ್ಲಿ ದಾರಿ ಹುಡುಕುವಷ್ಟು ನೆರವಾಗುವುದಿಲ್ಲ. ಬೆಕ್ಕು, ನಾಯಿ, ಕಬ್ಬೆಕ್ಕುಗಳ ಕಣ್ಣಿನ ಹಿಂದೆ ಬೆಳಕನ್ನು ಮರಳಿ ಚಿಮ್ಮಿಸುವ ಪದರ ಇರುತ್ತದೆ. ಟಾರ್ಚ್ ಬಿಟ್ಟಾಗ ಅವುಗಳ ಕಣ್ಣು ಹೊಳೆಯುವುದು ಇದರಿಂದಲೇ. ಹೀಗಾಗಿ ರಾತ್ರಿ ಒಂದು ಕಡೆಯವರಿಗೆ ಎಲ್ಲವೂ ಕಾಣುತ್ತದೆ, ಇನ್ನೊಂದು ಕಡೆಯವರಿಗೆ ಏನೂ ಕಾಣುವುದಿಲ್ಲ.

ಕೋಳಿಗೆ ಇದಕ್ಕೊಂದು ಉಪಾಯ ಗೊತ್ತಿದೆ: ಎತ್ತರಕ್ಕೆ ಹತ್ತಿ ಅಲುಗಾಡದೆ ಕೂರುವುದು. ಸಾಕುಕೋಳಿಯ ಮುಖ್ಯ ಪೂರ್ವಜ ಕೆಂಪು ಕಾಡುಕೋಳಿ ರಾತ್ರಿ ಮರದ ಮೇಲೆ ಮಲಗುತ್ತದೆ. ನಮ್ಮ ಪಶ್ಚಿಮ ಘಟ್ಟದ ಬೂದು ಕಾಡುಕೋಳಿಯೂ ಹಾಗೆಯೇ. ಊರಕೋಳಿಗಳು ಸಂಜೆ ಹಲಸಿನ ಮರ ಹತ್ತಲು ನೋಡುವುದು ಇದೇ ಅಭ್ಯಾಸದಿಂದ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಯಾದ ಗಿರಿರಾಜ, ಸ್ವರ್ಣಧಾರ ತಳಿಗಳು ಹೆಚ್ಚು ತೂಗುತ್ತವೆ. ಅಷ್ಟು ಎತ್ತರಕ್ಕೆ ಹಾರುವುದು ಅವುಗಳಿಗೆ ಕಷ್ಟ. ಕಾಲಿಗೆ ಹಗ್ಗ ಕಟ್ಟಿ ಹೊರಗೆ ಬಿಟ್ಟ ಹುಂಜಕ್ಕೆ ಹತ್ತುವ ದಾರಿಯೇ ಇರುವುದಿಲ್ಲ. ಇನ್ನು ಮರ ಹತ್ತಿ ಕುಳಿತ ಕೋಳಿ ನಾಯಿ, ನರಿಗಳಿಂದ ಪಾರಾದರೂ ಕಬ್ಬೆಕ್ಕು, ಹೆಬ್ಬಾವುಗಳಿಂದ ಪಾರಾಗುವುದಿಲ್ಲ. ಎರಡೂ ಚೆನ್ನಾಗಿ ಮರ ಹತ್ತುತ್ತವೆ.

ಕಳ್ಳ ಯಾರು? ಕುರುಹುಗಳನ್ನು ಓದಿ

ಗೂಡು ಸರಿಪಡಿಸುವ ಮೊದಲು ಬಂದದ್ದು ಯಾರು ಎಂದು ತಿಳಿಯುವುದು ಒಳ್ಳೆಯದು. ಒಂದೇ ಕುರುಹನ್ನು ನಂಬಿ ತೀರ್ಮಾನಿಸಬೇಡಿ. ಎರಡು ಮೂರು ಸೇರಿದರೆ ಚಿತ್ರ ಸ್ಪಷ್ಟವಾಗುತ್ತದೆ.

ಕೋಳಿ ಪೂರ್ತಿ ನಾಪತ್ತೆ, ಅಲ್ಲಲ್ಲಿ ಪುಕ್ಕ ಮಾತ್ರ: ನರಿ, ಕಾಡುಬೆಕ್ಕು ಅಥವಾ ನಾಯಿ ಹೊತ್ತೊಯ್ದಿರಬಹುದು.

ಹಲವು ಕೋಳಿಗಳು ಹರಿದು ಚೆಲ್ಲಾಪಿಲ್ಲಿ, ತಿಂದದ್ದು ಕಡಿಮೆ: ಹೆಚ್ಚಾಗಿ ನಾಯಿಗಳ ಕೆಲಸ. ಕಾಡುಪ್ರಾಣಿಯ ಮೇಲೆ ಹೋಗುವ ಎಷ್ಟೋ ಆರೋಪಗಳು ನಿಜವಾಗಿ ಬೀದಿನಾಯಿ ಅಥವಾ ಪಕ್ಕದ ಮನೆಯ ನಾಯಿಗೆ ಸಲ್ಲಬೇಕಾದವು.

ಕೋಳಿ ಗೂಡಿನೊಳಗೇ ಇದೆ, ತಲೆ ಅಥವಾ ಕಾಲು ಮಾತ್ರ ಇಲ್ಲ: ಹೊರಗಿನಿಂದ ಬಲೆಯ ಕಣ್ಣಿನ ಮೂಲಕ ಎಳೆದಿರುವುದು. ಬೆಕ್ಕು ಅಥವಾ ಪುನುಗು ಬೆಕ್ಕಿನ ಜಾತಿಯ ಪ್ರಾಣಿಯ ಮೇಲೆ ಅನುಮಾನ ಪಡಬಹುದು.

ಸತ್ತ ಕೋಳಿಯ ತಲೆ, ಕುತ್ತಿಗೆ ಒದ್ದೆಯಾಗಿ ಅಂಟಂಟಾಗಿದೆ, ಗಾಯ ಅಷ್ಟಿಲ್ಲ: ಹಾವು ನುಂಗಲು ನೋಡಿ, ಆಗದೆ ಬಿಟ್ಟು ಹೋಗಿದೆ.

ಮೊಟ್ಟೆ ಚಿಪ್ಪು ಸಮೇತ ಮಾಯ: ಹಾವು ಇರಬಹುದು, ಹೆಗ್ಗಣ ಉರುಳಿಸಿಕೊಂಡು ಹೋಗಿರಲೂಬಹುದು. ಚಿಪ್ಪು ಒಡೆದು ಬಿದ್ದಿದ್ದರೆ ಮುಂಗುಸಿ, ಕಬ್ಬೆಕ್ಕು ಅಥವಾ ಕಾಗೆ.

ಮರಿಗಳು ದಿನಕ್ಕೊಂದರಂತೆ ಕಡಿಮೆಯಾಗುತ್ತಿವೆ: ಹೆಗ್ಗಣ, ಹಾವು ಅಥವಾ ಮನೆಯ ಬೆಕ್ಕು.

ಇನ್ನೊಂದು ಸುಲಭ ವಿಧಾನವಿದೆ. ಸಂಜೆ ಗೂಡಿನ ಸುತ್ತ ಎರಡಡಿ ಅಗಲಕ್ಕೆ ಹೊಯಿಗೆ ಅಥವಾ ಒಲೆಯ ಬೂದಿ ಹರಡಿ. ಬೆಳಿಗ್ಗೆ ಹೆಜ್ಜೆ ನೋಡಿ. ನಾಯಿ, ನರಿಗಳ ಹೆಜ್ಜೆಯಲ್ಲಿ ನಾಲ್ಕು ಬೆರಳುಗಳ ಜೊತೆ ಉಗುರಿನ ಗುರುತು ಕಾಣುತ್ತದೆ. ಬೆಕ್ಕು ನಡೆಯುವಾಗ ಉಗುರು ಒಳಗೆಳೆದುಕೊಳ್ಳುವುದರಿಂದ ಗುರುತು ಬೀಳುವುದಿಲ್ಲ. ಕಬ್ಬೆಕ್ಕಿನ ಹೆಜ್ಜೆಯಲ್ಲಿ ಐದು ಬೆರಳುಗಳಿರುತ್ತವೆ. ಹಾವು ಹೋಗಿದ್ದರೆ ಗೆರೆ ಉಳಿಯುತ್ತದೆ.

ಒಂದು ಎಚ್ಚರಿಕೆ: ರೋಗದಿಂದ ಸತ್ತ ಕೋಳಿಯನ್ನು ಇಲಿ, ಬೆಕ್ಕುಗಳು ಆಮೇಲೆ ಬಂದು ತಿನ್ನುವುದುಂಟು. ಉಳಿದ ಕೋಳಿಗಳೂ ತೂಕಡಿಸುತ್ತಿದ್ದರೆ, ಹಸಿರು ಭೇದಿ ಇದ್ದರೆ, ಕುತ್ತಿಗೆ ತಿರುಚುತ್ತಿದ್ದರೆ ಅದು ರಾಣಿಖೇತ್‌ನಂಥ ರೋಗವಿರಬಹುದು. ಆಗ ಹೋಗಬೇಕಾದದ್ದು ಪಶು ಆಸ್ಪತ್ರೆಗೆ.

ತಪ್ಪು ನಂಬಿಕೆ 1: ರಾತ್ರಿ ಕೋಳಿ ಹಿಡಿದದ್ದು ಮುಂಗುಸಿ

ನಮ್ಮಲ್ಲಿ ಸಾಮಾನ್ಯವಾಗಿ ಕಾಣುವ ಬೂದು ಮುಂಗುಸಿ ಹಗಲು ಓಡಾಡುವ ಪ್ರಾಣಿ. ಕೋಳಿಮರಿ, ಮೊಟ್ಟೆಗಳನ್ನು ಅದು ತಿನ್ನುವುದು ನಿಜ. ಆದರೆ ನಡುರಾತ್ರಿ ನಡೆದ ಕೊಲೆಗೆ ಅದನ್ನು ದೂರುವುದು ಸರಿಯಲ್ಲ. ಉಡ, ಕಾಗೆ, ಹದ್ದುಗಳ ಹಾವಳಿಯೂ ಹಗಲಿನದೇ. ರಾತ್ರಿಯ ಪಾಳಿ ಪುನುಗು ಬೆಕ್ಕು, ಕಬ್ಬೆಕ್ಕು, ಕಾಡುಬೆಕ್ಕು, ನರಿ, ಹೆಬ್ಬಾವು, ಹೆಗ್ಗಣ, ನಾಯಿಗಳದ್ದು. ಇವುಗಳಲ್ಲಿ ಕಬ್ಬೆಕ್ಕು ಹೆಚ್ಚಾಗಿ ಹಣ್ಣು ತಿಂದು ಬದುಕುವಂಥದು. ಸುಲಭವಾಗಿ ಸಿಕ್ಕಿದರೆ ಮಾತ್ರ ಕೋಳಿಗೆ ಬಾಯಿ ಹಾಕುತ್ತದೆ. ಪುನುಗು ಬೆಕ್ಕು ನೆಲದ ಮೇಲೆ ಓಡಾಡಿ, ಸಂದು ಹುಡುಕಿ ಗೂಡಿಗೆ ನುಗ್ಗುತ್ತದೆ.

ತಪ್ಪು ನಂಬಿಕೆ 2: ರಕ್ತ ಮಾತ್ರ ಕುಡಿದು ಹೋಗಿದೆ

ಎಂಟು ಕೋಳಿ ಸತ್ತು ಬಿದ್ದಿವೆ, ಒಂದನ್ನೂ ತಿಂದಿಲ್ಲ, ಕುತ್ತಿಗೆಯಲ್ಲಿ ಹಲ್ಲಿನ ಗುರುತು ಮಾತ್ರ. ಇಂಥದ್ದನ್ನು ನೋಡಿದವರು ರಕ್ತ ಹೀರುವ ಪ್ರಾಣಿ ಬಂದಿದೆ ಎನ್ನುತ್ತಾರೆ. ನಮ್ಮ ಊರುಗಳಲ್ಲಿ ಕೋಳಿಯ ರಕ್ತ ಮಾತ್ರ ಹೀರಿ ಬದುಕುವ ಅಂಥ ಬೇಟೆಪ್ರಾಣಿ ಯಾವುದೂ ಇಲ್ಲ. ಕುತ್ತಿಗೆ ಕಚ್ಚುವುದು ಕೊಲ್ಲುವ ವಿಧಾನ ಅಷ್ಟೇ. ಗಾಯದಿಂದ ಒಳಗೂ ಹೊರಗೂ ರಕ್ತ ಹರಿದುಹೋಗುವುದರಿಂದ ಹೀರಿದಂತೆ ಕಾಣುತ್ತದೆ.

ತಿನ್ನದಿದ್ದರೂ ಅಷ್ಟೊಂದು ಕೊಲ್ಲುವುದು ಯಾಕೆ? ಪ್ರಾಣಿ ವರ್ತನೆಯ ತಜ್ಞ ಹಾನ್ಸ್ ಕ್ರೂಕ್ 1972ರಲ್ಲಿ ಇದರ ಬಗ್ಗೆ ಬರೆದರು. ಇಂಗ್ಲೆಂಡಿನ ಕಡಲತೀರದಲ್ಲಿ ಕತ್ತಲ ರಾತ್ರಿಗಳಲ್ಲಿ ನರಿಗಳು ಗಲ್ ಹಕ್ಕಿಗಳನ್ನು ರಾಶಿ ರಾಶಿಯಾಗಿ ಕೊಂದು, ತಿನ್ನದೆ ಬಿಟ್ಟು ಹೋಗುತ್ತಿದ್ದವು. ದಟ್ಟ ಕತ್ತಲಲ್ಲಿ ಆ ಹಕ್ಕಿಗಳು ಹಾರದೆ ನೆಲದಲ್ಲೇ ಕುಳಿತಿರುತ್ತಿದ್ದವು. ಬೇಟೆಪ್ರಾಣಿಗೆ ಹೊಟ್ಟೆ ತುಂಬಿದರೆ ಹುಡುಕುವುದು ನಿಲ್ಲಬಹುದು, ಆದರೆ ಎದುರಿಗೇ ಇರುವ ಬೇಟೆಯನ್ನು ಹಿಡಿಯುವ ಪ್ರಚೋದನೆ ನಿಲ್ಲುವುದಿಲ್ಲ. ಕಾಡಿನಲ್ಲಿ ಒಂದು ಹಕ್ಕಿ ಸಿಕ್ಕಾಗ ಉಳಿದವು ಹಾರಿಹೋಗುತ್ತವೆ, ಬೇಟೆ ಅಲ್ಲಿಗೆ ಮುಗಿಯುತ್ತದೆ. ಮುಚ್ಚಿದ ಗೂಡಿನಲ್ಲಿ ಉಳಿದವು ಎಲ್ಲಿಗೂ ಹೋಗಲಾರವು. ಅದಕ್ಕೇ ಒಳಗೆ ನುಗ್ಗಲು ಒಂದು ಸಂದು ಉಳಿದ ಗೂಡು, ಗೂಡೇ ಇಲ್ಲದಿರುವುದಕ್ಕಿಂತ ಅಪಾಯಕಾರಿ.

ತಪ್ಪು ನಂಬಿಕೆ 3: ಬೆಳ್ಳುಳ್ಳಿ, ಉಪ್ಪು, ಫಿನಾಯಿಲ್ ಹಾಕಿದರೆ ಹಾವು ಬರುವುದಿಲ್ಲ

ಹಾವು ನಾಲಿಗೆ ಹೊರಚಾಚಿ ಗಾಳಿಯಲ್ಲಿನ ಕಣಗಳನ್ನು ಬಾಯಿಯ ಮೇಲ್ಭಾಗದ ವಿಶೇಷ ಅಂಗಕ್ಕೆ ತಲುಪಿಸಿ ವಾಸನೆ ತಿಳಿಯುತ್ತದೆ. ಅದಕ್ಕೆ ವಾಸನೆ ಗೊತ್ತಾಗುತ್ತದೆ ಎಂಬುದು ನಿಜ. ಆದರೆ ಬೆಳ್ಳುಳ್ಳಿ, ಉಪ್ಪು, ಫಿನಾಯಿಲ್‌ಗಳನ್ನು ನಂಬಿ ಗೂಡಿನ ಸಂದು ತೆರೆದಿಡುವಂತಿಲ್ಲ. ವರ್ಷಕ್ಕೆ 4,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಕರಾವಳಿಯಲ್ಲಿ ಸುರಿದದ್ದು ಒಂದು ರಾತ್ರಿಯೂ ನಿಲ್ಲುವುದಿಲ್ಲ. ಫಿನಾಯಿಲ್, ಕಾರ್ಬಾಲಿಕ್ ಆಮ್ಲಗಳ ಘಾಟು ಹಾವಿಗಿಂತ ಕೋಳಿಗೆ ಹೆಚ್ಚು ಹಾನಿ ಮಾಡಬಲ್ಲದು. ಹಕ್ಕಿಗಳ ಉಸಿರಾಟದ ವ್ಯವಸ್ಥೆ ಗಾಳಿಯಲ್ಲಿರುವುದನ್ನು ಬಲು ಬೇಗ ಹೀರಿಕೊಳ್ಳುತ್ತದೆ.

ಹಾವು ಬರುವ ದಾರಿ ತಪ್ಪಿಸಲು ಇಲಿಯನ್ನು ತಪ್ಪಿಸಬೇಕು. ಚೆಲ್ಲಿದ ಅಕ್ಕಿ, ನುಚ್ಚಿಗೆ ಇಲಿ ಬರುತ್ತದೆ, ಇಲಿಯ ಹಿಂದೆ ಕೇರೆ ಹಾವು, ನಾಗರಹಾವು ಬರುತ್ತವೆ. ಕಾಳಿಂಗ ಸರ್ಪದ ಮುಖ್ಯ ಆಹಾರ ಬೇರೆ ಹಾವುಗಳು. ಅದು ಕೋಳಿಗೂಡಿನ ಬಳಿ ಕಂಡರೆ ಕೋಳಿಗಾಗಿ ಬಂದಿರುವ ಸಾಧ್ಯತೆ ಕಡಿಮೆ, ಕೇರೆಯನ್ನೋ ನಾಗರವನ್ನೋ ಅರಸಿ ಬಂದಿರುವ ಸಾಧ್ಯತೆಯೇ ಹೆಚ್ಚು.

ತಪ್ಪು ನಂಬಿಕೆ 4: ದೀಪ ಉರಿಸಿದರೆ, ನಾಯಿ ಕಟ್ಟಿದರೆ ಸಾಕು

ಮಿನುಗುವ ದೀಪಗಳಿಂದ ಸ್ವಲ್ಪ ಪ್ರಯೋಜನವಿದೆ, ಆದರೆ ಎಲ್ಲ ಪ್ರಾಣಿಗಳ ಮೇಲೂ ಅಲ್ಲ. ದಕ್ಷಿಣ ಅಮೆರಿಕದ ಚಿಲಿಯಲ್ಲಿ ಲಾಮಾ, ಅಲ್ಪಾಕಾಗಳ ಕೊಟ್ಟಿಗೆಯ ಬಳಿ ಮಿನುಗು ದೀಪ ಇಟ್ಟು ನಡೆಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ದೀಪ ಪ್ಯೂಮಾಗಳನ್ನು ದೂರ ಇಟ್ಟಿತು, ಅಲ್ಲಿನ ನರಿಗಳನ್ನು ದೂರ ಇಡಲಿಲ್ಲ. ರಾತ್ರಿಯಿಡೀ ಒಂದೇ ಕಡೆ ಉರಿಯುವ ಬಲ್ಬಿಗೆ ಪ್ರಾಣಿಗಳು ಬೇಗ ಒಗ್ಗಿಕೊಳ್ಳುತ್ತವೆ, ಕೋಳಿಗಳ ನಿದ್ದೆಯೂ ಕೆಡುತ್ತದೆ. ಗಾಳಿಮಳೆಗೆ ಕರೆಂಟು ಹೋದರೆ ಆ ಕಾವಲೂ ಹೋಯಿತು.

ನಾಯಿಯ ವಿಷಯದಲ್ಲಿ ನಮ್ಮ ಜಿಲ್ಲೆಗೆ ಒಂದು ವಿಶೇಷ ತೊಂದರೆ ಇದೆ. ಮಣಿಪಾಲ, ಪರ್ಕಳ, ಕಾರ್ಕಳದ ಸುತ್ತಮುತ್ತ ಚಿರತೆಗಳಿವೆ. ಬೇಟೆ ಅಟ್ಟಿಕೊಂಡು ಬಂದು ಬಾವಿಗೆ ಬಿದ್ದ ಚಿರತೆಯನ್ನು ಅರಣ್ಯ ಇಲಾಖೆಯವರು ಮೇಲೆತ್ತಿದ ಸುದ್ದಿ ಉಡುಪಿಯ ಪತ್ರಿಕೆ ಓದುವವರಿಗೆ ಹೊಸತಲ್ಲ. ಚಿರತೆಗೆ ನಾಯಿ ಇಷ್ಟದ ಬೇಟೆ. ಕೋಳಿಗೂಡಿನ ಬಳಿ ಸರಪಳಿಯಲ್ಲಿ ಕಟ್ಟಿದ ನಾಯಿ ಕಾವಲಿನ ಬದಲು ಆಮಿಷವಾಗುತ್ತದೆ. ನಾಯಿಯನ್ನೂ ರಾತ್ರಿ ಮನೆಯೊಳಗೆ ಅಥವಾ ಗಟ್ಟಿ ಗೂಡಿನಲ್ಲಿ ಇಡಬೇಕು.

ತಪ್ಪು ನಂಬಿಕೆ 5: ಒಂದನ್ನು ಕೊಂದರೆ ಕಾಟ ತಪ್ಪುತ್ತದೆ

ಒಂದು ಪ್ರಾಣಿ ಹೋದ ಜಾಗಕ್ಕೆ ಇನ್ನೊಂದು ಬರುತ್ತದೆ, ಯಾಕೆಂದರೆ ಗೂಡಿನ ಸಂದು ಹಾಗೆಯೇ ಇರುತ್ತದೆ. ಹಿಡಿದು ಬೇರೆಡೆ ಬಿಡುವುದೂ ಸುಲಭದ ಪರಿಹಾರವಲ್ಲ. ಮಹಾರಾಷ್ಟ್ರದ ಜುನ್ನಾರ್ ಪ್ರದೇಶದಲ್ಲಿ ಚಿರತೆಗಳನ್ನು ಹಿಡಿದು ಬೇರೆ ಕಾಡಿಗೆ ಬಿಟ್ಟ ಮೇಲೆ ಮನುಷ್ಯರ ಮೇಲಿನ ದಾಳಿಗಳು ಹೆಚ್ಚಿದ್ದನ್ನು ವಿದ್ಯಾ ಆತ್ರೇಯ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು.

ಕಾನೂನಿನ ಮಾತೂ ಇದೆ. ಚಿರತೆ, ಹೆಬ್ಬಾವು, ಕಾಡುಬೆಕ್ಕು, ನರಿ, ಮುಂಗುಸಿ, ನಾಗರಹಾವುಗಳಿಗೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಕೊಲ್ಲುವುದು, ಉರುಳು ಹಾಕುವುದು, ವಿಷ ಇಡುವುದು ಅಪರಾಧ. ವಿಷ ಬೆರೆಸಿದ ಮಾಂಸವನ್ನು ಪಕ್ಕದ ಮನೆಯ ನಾಯಿ ತಿನ್ನಬಹುದು, ಮಕ್ಕಳ ಕೈಗೂ ಸಿಗಬಹುದು. ಬೇಲಿಗೆ ಮನೆಯ ಕರೆಂಟು ಹರಿಸುವುದಂತೂ ಮನುಷ್ಯರನ್ನೇ ಕೊಲ್ಲುವ ಕೆಲಸ. ಅದನ್ನು ಯಾವ ಕಾರಣಕ್ಕೂ ಮಾಡಬಾರದು.

ಭದ್ರವಾದ ಗೂಡು ಹೇಗಿರಬೇಕು?

ಬಲೆ: ಅಂಗಡಿಯಲ್ಲಿ ಸಿಗುವ ಆರು ಮೂಲೆಯ ತೆಳು ಕೋಳಿಬಲೆ ಕೋಳಿ ಹೊರಗೆ ಹೋಗದಂತೆ ತಡೆಯಲು ಇರುವಂಥದು. ಹೊರಗಿನವರು ಒಳಗೆ ಬರುವುದನ್ನು ಅದು ತಡೆಯಲಾರದು. ನಾಯಿ ಅದನ್ನು ಹರಿಯುತ್ತದೆ, ಹಾವು ಮತ್ತು ಇಲಿ ಅದರೊಳಗೆ ತೂರುತ್ತವೆ. ಅರ್ಧ ಇಂಚು ಕಣ್ಣಿನ, ಸತು ಲೇಪನವಿರುವ ವೆಲ್ಡ್ ಮೆಶ್ ಹಾಕಿ. ಅದನ್ನು ಮೊಳೆಯಲ್ಲಿ ಸಿಕ್ಕಿಸಿ ಬಿಡದೆ, ಮೇಲೊಂದು ಮರದ ಪಟ್ಟಿ ಇಟ್ಟು ಸ್ಕ್ರೂ ಬಿಗಿಯಿರಿ. ಇಡೀ ಗೂಡಿಗೆ ಹಾಕಲು ದುಡ್ಡು ಸಾಲದಿದ್ದರೆ ಕೆಳಗಿನ ಮೂರಡಿಗೆ ಮತ್ತು ಗಾಳಿಕಂಡಿಗಳಿಗೆ ಈ ಬಲೆ ಹಾಕಿ, ಉಳಿದ ಭಾಗವನ್ನು ಹಲಗೆಯಿಂದ ಮುಚ್ಚಿ.

ನೆಲ: ಕೆಂಪುಕಲ್ಲಿನ ಕಟ್ಟೆ ಅಥವಾ ಸಿಮೆಂಟ್ ನೆಲ ಇದ್ದರೆ ತೋಡಿಕೊಂಡು ಬರುವವರ ಚಿಂತೆ ಇಲ್ಲ. ಮಣ್ಣಿನ ನೆಲವಾದರೆ ಗೂಡಿನ ಬುಡದಿಂದ ಹೊರಕ್ಕೆ ಒಂದೂವರೆ ಅಡಿ ಅಗಲಕ್ಕೆ ಬಲೆ ಹಾಸಿ, ಮೇಲೆ ಮಣ್ಣು ಅಥವಾ ಕಲ್ಲು ಹೇರಿ. ನಾಯಿ, ನರಿಗಳು ಗೋಡೆಯ ಬುಡದಲ್ಲೇ ತೋಡುತ್ತವೆ, ಬಲೆ ಅಡ್ಡ ಬಂದಾಗ ಹಿಂದೆ ಸರಿದು ತೋಡಬೇಕೆಂದು ಅವುಗಳಿಗೆ ಹೊಳೆಯುವುದಿಲ್ಲ.

ಎತ್ತರದ ಗೂಡು: ನಮ್ಮ ಕಡೆಯ ಹಳೆಯ ಮರದ ಗೂಡುಗಳಂತೆ ಎರಡು ಮೂರು ಅಡಿ ಎತ್ತರದ ಕಾಲಿನ ಮೇಲೆ ಕೂರಿಸಿದರೆ ನೆಲದ ತೇವವೂ ತಟ್ಟುವುದಿಲ್ಲ. ರೀಪಿನ ನೆಲ ಹಾಕಿದರೆ ಹಿಕ್ಕೆ ಕೆಳಗೆ ಬೀಳುತ್ತದೆ, ಆದರೆ ಅದರ ಅಡಿಗೂ ಬಲೆ ಬೇಕು. ಇಲ್ಲದಿದ್ದರೆ ಕೆಳಗಿನಿಂದ ಕಾಲೆಳೆಯುವ ಅಪಾಯವಿದೆ. ಇಲಿ ಹತ್ತದಂತೆ ತೆಂಗಿನ ಮರಕ್ಕೆ ತಗಡು ಸುತ್ತುವಂತೆ ಗೂಡಿನ ಕಾಲುಗಳಿಗೂ ತಗಡು ಸುತ್ತಿ. ಮಾಡಿನ ಮೇಲೆ ಚಾಚಿದ ಕೊಂಬೆಗಳನ್ನು ಕಡಿಯಿರಿ. ಹಂಚಿನ ಮಾಡಾದರೆ ಹಂಚಿನ ಅಡಿಯಲ್ಲೂ ಬಲೆ ಹಾಸಿ. ಸಡಿಲ ಹಂಚನ್ನು ಸರಿಸುವುದು ಕಬ್ಬೆಕ್ಕಿಗೆ ಕಷ್ಟವಲ್ಲ.

ಬಾಗಿಲು: ಕೊಕ್ಕೆ ಸಾಲದು. ಅಡ್ಡ ಚಿಲಕ ಹಾಕಿ, ಅದು ಅಲುಗಿ ಜಾರದಂತೆ ಒಂದು ಕ್ಲಿಪ್ ಅಥವಾ ಬೀಗ ಸಿಕ್ಕಿಸಿ. ಬಾಗಿಲಿನ ಸುತ್ತ ಹೆಬ್ಬೆರಳು ತೂರುವಷ್ಟು ಸಂದು ಇದ್ದರೆ ಇಲಿಗೂ ಎಳೆಯ ಹಾವಿಗೂ ಅದೇ ಬಾಗಿಲು.

ಕೂರುವ ಕೋಲು: ಎರಡು ಇಂಚು ದಪ್ಪದ ಕೋಲು, ಒಂದು ಕೋಳಿಗೆ ಎಂಟು ಇಂಚು ಉದ್ದ ಜಾಗ. ಬಲೆಯಿಂದ ಕನಿಷ್ಠ ಒಂದಡಿ ಒಳಗಿರಲಿ. ನೆಲದ ಲೆಕ್ಕದಲ್ಲಿ ಒಂದು ಕೋಳಿಗೆ ಒಂದೂವರೆಯಿಂದ ಎರಡು ಚದರ ಅಡಿ ಇರಬೇಕು.

ಗಾಳಿ: ಮಳೆಗಾಲದಲ್ಲಿ ಇಡೀ ಗೂಡನ್ನು ಟಾರ್ಪಾಲಿನಿಂದ ಮುಚ್ಚಿದರೆ ಕಳ್ಳರು ಬಾರದಿರಬಹುದು, ಆದರೆ ಒದ್ದೆ ಹಿಕ್ಕೆಯಿಂದ ಏಳುವ ಅಮೋನಿಯಾ ಕೋಳಿಯ ಕಣ್ಣು, ಶ್ವಾಸಕೋಶಗಳನ್ನು ಕೆಡಿಸುತ್ತದೆ. ಗಾಳಿ ಮಳೆ ಹೊಡೆಯುವ ಬದಿಯನ್ನು ಮಾತ್ರ ಮುಚ್ಚಿ, ಮೇಲ್ಭಾಗದಲ್ಲಿ ಬಲೆ ಹಾಕಿದ ಕಂಡಿಗಳು ತೆರೆದಿರಲಿ. ಬಾಗಿಲು ತೆಗೆದಾಗ ಮೂಗಿಗೆ ಘಾಟು ಹೊಡೆದರೆ ಗಾಳಿ ಸಾಲದು ಎಂದರ್ಥ.

ಕರಾವಳಿಯ ಉಪ್ಪುಗಾಳಿ, ಮಳೆಗೆ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಪ್ರತಿವರ್ಷ ಮೇ ತಿಂಗಳಲ್ಲಿ, ಮಳೆ ಶುರುವಾಗುವ ಮುನ್ನ, ಬಲೆಯನ್ನು ಕೈಯಿಂದ ಒತ್ತಿ ನೋಡಿ. ಮುರಿಯುವಂತಿದ್ದರೆ ಬದಲಿಸಿ.

ಸಂಜೆಯ ದಿನಚರಿ

ಇಲ್ಲಿ ಡಿಸೆಂಬರ್ ಹೊತ್ತಿಗೆ ಸಂಜೆ 6 ದಾಟುತ್ತಲೇ ಸೂರ್ಯ ಮುಳುಗುತ್ತಾನೆ, ಜೂನ್ ಕೊನೆಯಲ್ಲಿ 7ರ ಹೊತ್ತಿಗೆ. ಗಡಿಯಾರದ ಒಂದೇ ಸಮಯ ವರ್ಷವಿಡೀ ಸಾಲದು. ಕೋಳಿಗಳು ತಾವಾಗಿ ಗೂಡು ಸೇರಿದ ಕೂಡಲೇ, ಕತ್ತಲು ಕವಿಯುವ ಮೊದಲು ಎಣಿಸಿ ಬಾಗಿಲು ಹಾಕಿ. ಬೆಳಿಗ್ಗೆ ಚೆನ್ನಾಗಿ ಬೆಳಕಾದ ಮೇಲೆಯೇ ಬಿಡಿ, ಮುಂಜಾವಿನ ಮಬ್ಬು ಕಾಡುಬೆಕ್ಕು, ನಾಯಿಗಳು ಓಡಾಡುವ ಹೊತ್ತು.

ಹೊಸದಾಗಿ ತಂದ ಕೋಳಿಗಳನ್ನು ಐದಾರು ದಿನ ಗೂಡಿನಲ್ಲೇ ಇಟ್ಟು ಮೇವು, ನೀರು ಕೊಟ್ಟರೆ ಅದೇ ಮನೆ ಎಂದು ಕಲಿಯುತ್ತವೆ. ಮರ ಹತ್ತುವ ಚಾಳಿ ಇರುವ ಹೇಂಟೆಗೆ ಸಂಜೆ ಗೂಡಿನೊಳಗೇ ಒಂದು ಹಿಡಿ ಅಕ್ಕಿ ಹಾಕಿ ಅಭ್ಯಾಸ ಮಾಡಿಸಬಹುದು. ಕಟ್ಟಿಗೆ ಕೊಟ್ಟಿಗೆಯ ಮೂಲೆಯಲ್ಲಿ ಕಾವಿಗೆ ಕುಳಿತ ಹೇಂಟೆಯನ್ನು ಮೊಟ್ಟೆ ಸಮೇತ ಬಲೆ ಹಾಕಿದ ಪೆಟ್ಟಿಗೆಗೆ ಸ್ಥಳಾಂತರಿಸಿ. ಈ ಕೆಲಸವನ್ನು ಕತ್ತಲಾದ ಮೇಲೆ ಮಾಡಿದರೆ ಅದು ಗಲಿಬಿಲಿಯಾಗುವುದು ಕಡಿಮೆ. ಮಲಗುವ ಮುನ್ನ ಉಳಿದ ಮೇವು, ಮೊಟ್ಟೆ ತೆಗೆದಿಡಿ. ಮೀನಿನ ತಲೆ, ಕರುಳುಗಳನ್ನು ಗೂಡಿನ ಹತ್ತಿರ ಎಸೆಯಬೇಡಿ, ಹೂತುಹಾಕಿ.

ಗೂಡಿನಲ್ಲಿ ಹಾವು ಕಂಡರೆ, ಪ್ರಾಣಿ ಕಚ್ಚಿದರೆ

ರಾತ್ರಿ ಕೋಳಿ ಕೂಗಿದಾಗ ಬರಿಗಾಲಿನಲ್ಲಿ ಓಡುವುದು ಎಲ್ಲಕ್ಕಿಂತ ದೊಡ್ಡ ಅಪಾಯ. ಬೂಟು ಹಾಕಿ, ಟಾರ್ಚ್ ಹಿಡಿದು ಹೋಗಿ. ಮೊಟ್ಟೆಪೆಟ್ಟಿಗೆಗೆ ನೋಡದೆ ಕೈ ಹಾಕಬೇಡಿ, ಮಕ್ಕಳಿಗೂ ಇದನ್ನು ಕಲಿಸಿ. ಕೋಳಿ ನುಂಗಿದ ಹೆಬ್ಬಾವು ಹೊಟ್ಟೆ ಉಬ್ಬಿ, ಬಂದ ಕಂಡಿಯಲ್ಲೇ ಹೊರಹೋಗಲಾರದೆ ಗೂಡಿನಲ್ಲಿ ಸಿಕ್ಕಿಕೊಳ್ಳುವುದುಂಟು. ಅದನ್ನು ಎಳೆದಾಡದೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ನಾಗರಹಾವಿಗೂ ಇದೇ ಮಾತು. ನಾಗನಿಗೆ ಕೈಮುಗಿಯುವ ನಾಡಿನಲ್ಲಿ ಅದನ್ನು ಹೊಡೆಯುವವರು ಕಡಿಮೆ, ಆದರೆ ತಾವೇ ಹಿಡಿಯಲು ಹೋಗಿ ಕಚ್ಚಿಸಿಕೊಳ್ಳುವವರಿದ್ದಾರೆ.

ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮದ್ದು ಅರೆದು ಹಚ್ಚುವುದು ಬೇಡ. ಕಚ್ಚಿದ ಕೈಕಾಲನ್ನು ಅಲುಗಾಡಿಸದೆ ನೇರ ಆಸ್ಪತ್ರೆಗೆ ಹೋಗಿ. ವಿಷಕ್ಕೆ ಮದ್ದು ಪ್ರತಿವಿಷದ ಚುಚ್ಚುಮದ್ದು ಮಾತ್ರ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿದೆ. ನಾಯಿ, ನರಿ, ಬೆಕ್ಕು, ಮುಂಗುಸಿ ಕಚ್ಚಿದರೆ ಅಥವಾ ಪರಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅದೇ ದಿನ ರೇಬಿಸ್ ಲಸಿಕೆಗೆ ಹೋಗಿ. ಪ್ರಾಣಿ ಕಚ್ಚಿ ಕೊಂದ ಕೋಳಿಯನ್ನು ಸಾರು ಮಾಡಬೇಡಿ. ಎಷ್ಟು ಹೊತ್ತಿನ ಹಿಂದೆ ಸತ್ತಿತು, ಗಾಯದಿಂದ ಯಾವ ರೋಗಾಣು ಒಳಹೊಕ್ಕಿದೆ ಎಂದು ಹೇಳಲಾಗದು. ಆಳವಾಗಿ ಹೂಳಿ, ಸುಣ್ಣ ಹಾಕಿ.

ಎಲ್ಲವನ್ನೂ ಒಂದೇ ದಿನ ಮಾಡಲಾಗದಿದ್ದರೆ ಈ ಕ್ರಮದಲ್ಲಿ ಮಾಡಿ: ಇಂದು ಸಂಜೆ ಬಾಗಿಲಿಗೆ ಗಟ್ಟಿ ಚಿಲಕ, ಈ ವಾರ ಸಂದುಗಳಿಗೆ ಅರ್ಧ ಇಂಚಿನ ಬಲೆ, ಈ ತಿಂಗಳು ಬುಡದ ಸುತ್ತ ಬಲೆಯ ಹಾಸು. ಕಳ್ಳ ಒಮ್ಮೆ ಬಂದು ಹೋಗಿದ್ದರೆ ಮರುದಿನ ರಾತ್ರಿಯೂ ಬರುವ ಸಾಧ್ಯತೆ ಹೆಚ್ಚು, ಹಾಗಾಗಿ ಚಿಲಕವನ್ನು ನಾಳೆಗೆ ಬಿಡಬೇಡಿ.